ಒಂದೇ ಬಾಟಲಿ, ಎರಡು ವೇಗ

ಅತ್ತಿಗೆಗೂ ನನಗೂ ಮಾತು ನಿಂತದ್ದು ಒಂದು ಬಾಟಲಿಯ ವಿಷಯಕ್ಕೆ ಎಂದರೆ ಯಾರೂ ನಂಬುವುದಿಲ್ಲ. ನಾವಿಬ್ಬರೂ ಒಂದೇ ಮನೆಯಲ್ಲಿದ್ದು ಒಂದೇ ಪ್ರಯೋಗಾಲಯಕ್ಕೆ ಹೋಗುತ್ತೇವೆ. ಅವರು ಅಲ್ಲಿ ಹಿರಿಯ ವಿಜ್ಞಾನಿ, ನಾನು ಪಿಎಚ್‌ಡಿ ಮುಗಿಸಲು ಒದ್ದಾಡುತ್ತಿರುವವಳು. "ಅಡುಗೆಮನೆಗೋಸ್ಕರ ಜಗಳ ಆಡೋರನ್ನ ನೋಡಿದೀನಿ. ನೀವು ಯೂರಿಯಾಕ್ಕೆ ಆಡ್ತಿದೀರಲ್ಲ!" ಎಂದು ಅಣ್ಣ ಹಣೆ ಚಚ್ಚಿಕೊಂಡ.

ಬಾಟಲಿಯಲ್ಲಿದ್ದದ್ದು ಯೂರಿಯಾ ಮತ್ತು ಒಂದು ಲವಣ. ಬೇರೆಬೇರೆ ಇಟ್ಟರೆ ಎರಡೂ ಒಣ ಬಿಳಿ ಪುಡಿ. ಹದವಾಗಿ ಬೆರೆಸಿ ಬಿಸಿ ಮಾಡಿದರೆ ದ್ರವವಾಗುತ್ತವೆ, ತಣ್ಣಗಾದ ಮೇಲೂ ಹೆಪ್ಪುಗಟ್ಟುವುದಿಲ್ಲ. ಡೀಪ್ ಯುಟೆಕ್ಟಿಕ್ ದ್ರಾವಕ ಎಂಬ ದೊಡ್ಡ ಹೆಸರು ಅದಕ್ಕೆ. ನೋಡಲು ಜೇನಿನಷ್ಟು ಮಂದ. ಅದರಲ್ಲಿ ನಾನು ಒಂದು ಬಣ್ಣವನ್ನು ಕರಗಿಸುತ್ತೇನೆ. ಬೆಳಕು ಬಿದ್ದೊಡನೆ ಆ ಬಣ್ಣದ ಅಣು ಮೈ ತಿರುಚಿ ಬೇರೆ ರೂಪ ತಾಳುತ್ತದೆ. ಸುತ್ತಲಿನ ದ್ರವ ಜಾಗ ಬಿಟ್ಟರೆ ಬೇಗ, ಬಿಡದಿದ್ದರೆ ನಿಧಾನ. ದ್ರವ ಇಷ್ಟು ಮಂದ, ಹಾಗಾಗಿ ತಿರುಚುವ ವೇಗ ಇಷ್ಟು ಎಂದು ನನ್ನ ಇಡೀ ಪ್ರಬಂಧ ಒಂದೇ ಒಂದು ವೇಗದ ಮೇಲೆ ನಿಂತಿತ್ತು.

ಅತ್ತಿಗೆ ಸುಮ್ಮನಿರಲಾರದೆ ಅದನ್ನು ಅಳೆದು ನೋಡಿದರು. ನನ್ನದಕ್ಕಿಂತ ಎಷ್ಟೋ ಹೆಚ್ಚಿನ ವೇಗ ಬಂತು.

"ನೀರು ಸೇರಿರ್ಬೇಕು ಅತ್ತಿಗೆ. ನೀವು ಮುಚ್ಚಳ ಸರಿಯಾಗಿ ಹಾಕಿರಲ್ಲ," ಎಂದೆ. ಈ ದ್ರಾವಕ ಗಾಳಿಯಲ್ಲಿನ ತೇವ ಹೀರಿ ತೆಳುವಾಗುತ್ತದೆ.

"ನನಗೆ ಮುಚ್ಚಳ ಹಾಕೋದು ಹೇಳಿಕೊಡ್ತೀಯೇನೆ?" ಎಂದರು. ಅಲ್ಲಿಗೆ ಮಾತು ಬಂದ್.

ಪ್ರಬಂಧಕ್ಕೆ ನಮ್ಮ ಪ್ರೊಫೆಸರು ಶುಕ್ರವಾರ ಸಹಿ ಹಾಕಬೇಕಿತ್ತು. ಸಹಿಯಾದರೆ ಬೇರೆ ಊರಿನ ಸಂಸ್ಥೆಯಲ್ಲಿ ನನಗೆ ಕೆಲಸ ಖಾತ್ರಿ, ತಪ್ಪಿದರೆ ಅದು ಬೇರೆಯವರ ಪಾಲು. ಆ ಕೆಲಸ ನನಗೆ ಬೇಕಿತ್ತು, ತುಂಬಾ ಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಹೊಸದಾಗಿ ಒಣಗಿಸಿದ ದ್ರಾವಕವನ್ನು ಅತ್ತಿಗೆಯ ಮುಂದೆ ಕುಕ್ಕಿದೆ. ಅವರೂ ಮೂತಿ ಬಿಗಿದುಕೊಂಡು ಬಂದರು. ಅದೇ ಬಾಟಲಿ, ಅದೇ ಯಂತ್ರ. ನಾನು ಅಳೆದಾಗ ನನ್ನ ವೇಗ, ಅವರು ಅಳೆದಾಗ ಅವರ ವೇಗ. ನನಗೆ ತಲೆ ಕೆಟ್ಟುಹೋಯಿತು. ದ್ರವಕ್ಕೇನು ನಮ್ಮಿಬ್ಬರ ಮುಖ ಗುರುತು ಸಿಗುತ್ತದೆಯೇ?

ಮತ್ತೊಮ್ಮೆ ಅಳೆಯುವಾಗ ಅವರ ಕೈಯನ್ನೇ ನೋಡುತ್ತ ನಿಂತೆ. ಶುರು ಮಾಡುವ ಮುನ್ನ ಅವರು ಯಂತ್ರದ ದೀಪದ ಬಣ್ಣವನ್ನು ಕೊಂಚ ಕೆಂಪಿನ ಕಡೆ ಸರಿಸಿದರು. ನಾವೆಲ್ಲ ಅಣು ಅತಿ ಹೆಚ್ಚು ಬೆಳಕು ಹೀರುವ ಬಣ್ಣಕ್ಕೇ ದೀಪ ಇಡುತ್ತೇವೆ. ಅತ್ತಿಗೆಯದು ಹಳೆಯ ಅಭ್ಯಾಸ. ಹಾಗೆ ಸರಿಸಿದರೆ ಚೆದುರಿದ ಬೆಳಕಿನ ಕಾಟ ಕಡಿಮೆ ಎಂದು ಅವರ ನಂಬಿಕೆ. ಮಾಮೂಲಿ ದ್ರಾವಕಗಳಲ್ಲಿ ಅದರಿಂದ ಏನೂ ವ್ಯತ್ಯಾಸವಾಗದ್ದರಿಂದ ಯಾರೂ ಕೇಳಿರಲಿಲ್ಲ.

"ದೀಪದ ಬಣ್ಣ ಬದಲಾದ್ರೆ ವೇಗ ಯಾಕೆ ಬದಲಾಗ್ಬೇಕು?" ಎಂದೆ. ಮಾತು ಬಿಟ್ಟಿದ್ದು ಮರೆತೇ ಹೋಗಿತ್ತು.

ಅತ್ತಿಗೆ ಸ್ಟೂಲಿನ ಮೇಲೆ ಕುಳಿತರು. "ನೀರಲ್ಲಾದ್ರೆ ಅಕ್ಕಪಕ್ಕದ ಅಣುಗಳು ಬಿಡುವಿಲ್ಲದೆ ಜಾಗ ಬದಲಾಯಿಸ್ತವೆ, ಬಣ್ಣದ ಅಣುಗಳಿಗೆಲ್ಲ ಒಂದೇ ಪಾಡು. ಇಲ್ಲಿ ಹಾಗಿಲ್ಲವೇನೋ. ಕೆಲವು ಬಿಗಿ ಜಾಗದಲ್ಲಿ ಸಿಕ್ಕಿಹಾಕ್ಕೊಂಡಿವೆ, ಕೆಲವು ಸಡಿಲ ಜಾಗದಲ್ಲಿ. ಜಾಗಕ್ಕೆ ತಕ್ಕಂತೆ ಅವು ಹೀರೋ ಬೆಳಕಿನ ಬಣ್ಣವೂ ಕೊಂಚ ಬೇರೆ. ನಿನ್ನ ಬೆಳಕು ಒಂದು ಗುಂಪನ್ನ ಎಬ್ಬಿಸ್ತಿದೆ, ನನ್ನದು ಇನ್ನೊಂದನ್ನ."

"ಹಾಗಾದ್ರೆ ಯಾರದು ಸರಿ?"

"ಇಬ್ಬರದೂ ಸರಿ ಅನ್ಸುತ್ತೆ ಕಣೆ."

ನನಗೆ ಮೊದಲು ಖುಷಿಯಾಯಿತು. ಆಮೇಲೆ ದೀಪವನ್ನು ಇನ್ನೊಂದು ಬಣ್ಣಕ್ಕೆ ಇಟ್ಟು ನೋಡಿದೆವು, ಮತ್ತೊಂದು ವೇಗ ಬಂತು. ನಾನು ಬರೆದ ಆ ಒಂದೇ ವೇಗ ಬಾಟಲಿಯಲ್ಲಿ ಎಲ್ಲಿತ್ತು?

"ನಿನ್ನ ಅಳತೆಯಲ್ಲಿ ತಪ್ಪಿಲ್ಲ ಪುಟ್ಟಿ. ಹೋಗಿ ಸಹಿ ಹಾಕಿಸ್ಕೋ. ನಾನು ಬಾಯಿ ಬಿಡಲ್ಲ," ಎಂದರು ಅತ್ತಿಗೆ. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಅದರಿಂದ ನನ್ನ ಗೊಂದಲ ಇನ್ನೂ ಹೆಚ್ಚಾಯಿತು.

ಪ್ರೊಫೆಸರು ಪೆನ್ನು ತೆಗೆದೇ ಕುಳಿತಿದ್ದರು. ಕೊನೆಯ ಪುಟ ತಿರುವಿದರು.

"ಸಹಿ ಮಾಡ್ಬೇಡಿ ಸರ್," ಎಂದೆ. ಹೇಳಿದ್ದು ನಾನೇನಾ ಎನಿಸಿತು.

"ಯಾಕೆ? ಅಂಕಿ ತಪ್ಪಾಗಿದೆಯಾ?"

"ಇಲ್ಲ ಸರ್, ಅಂಕಿ ಸರಿಯಿದೆ."

"ಮತ್ತೇನಮ್ಮಾ ನಿನ್ನ ಗೋಳು?"

"ಅದು ಯಾವುದರ ಅಂಕಿ ಅಂತ ನನಗೆ ಗೊತ್ತಿಲ್ಲ ಸರ್."

ಅವರು ನನ್ನನ್ನೇ ನೋಡಿದರು. ಆ ಕೆಲಸ ಕೈತಪ್ಪುತ್ತದೆ, ಗೊತ್ತು ತಾನೇ ಎಂದರು. ಗೊತ್ತು ಎಂದೆ. ಪೆನ್ನಿಗೆ ಮುಚ್ಚಳ ಹಾಕಿ ಪ್ರಬಂಧವನ್ನು ನನ್ನ ಕಡೆ ಸರಿಸಿದರು.

ಹೊರಗೆ ಅತ್ತಿಗೆ ಕಾಯುತ್ತಿದ್ದರು. ಅವರ ಹೆಗಲಿಗೊರಗಿ ಗೊಳೋ ಎಂದು ಅತ್ತುಬಿಟ್ಟೆ. "ನಾನು ಮಾಡಿದ್ದು ಸರೀನಾ, ಪೆದ್ದುತನಾನಾ ಅತ್ತಿಗೆ?" ಎಂದು ಕೇಳಿದೆ.

"ಯಾರಿಗ್ಗೊತ್ತೇ," ಎಂದರು ಅತ್ತಿಗೆ. ಅವರ ಕಣ್ಣಲ್ಲೂ ನೀರಿತ್ತು.