ಪೇಟಿಯ ಮೇಲಿನ ಹೆಸರು

ಕಾಶೀನಾಥ ಕರಿ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದ. ಹಾರ್ಮೋನಿಯಂ ಪೇಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಹಣೆಯ ಮೇಲಿದ್ದ ಹಿತ್ತಾಳೆ ಪಟ್ಟಿಗೆ ಅಡ್ಡಲಾಗಿ ಅಂಟಿಸಿದ.

"ಯಾಕಲೇ ಅದು?" ಗುರುಲಿಂಗಯ್ಯ ಕೇಳಿದರು.

"ಕಂಪನಿ ಹೆಸರು ಕಾಣಬಾರ್ದು ಮಾವ. ವಿಡಿಯೋದಾಗ ಹಂಗೇ ಪದ್ಧತಿ ಅದ. ಪುಕ್ಕಟೆ ಜಾಹೀರಾತು ಯಾಕ್ ಕೊಡಬೇಕು?"

"ಶಹಾಬುದ್ದೀನಂದು ಯಾವಾಗ ಕಂಪನಿ ಆಯ್ತೋ? ಒಂದು ಖೋಲಿ, ಎರಡು ಉಳಿ."

"ಹೆಸರು ಅಂದ್ರ ಹೆಸರು. ಬಿಸಿಲು ಸರೀಲಿಕತ್ತದ, ಶುರು ಮಾಡ್ರಿ."

ಚಿತ್ತಾಪುರದ ಆ ಪಡಸಾಲೆಯ ಗೋಡೆಗೆ ನೀಲಿ ಚಾದರ ಕಟ್ಟಿ, ಪೇಟಿಯ ಪಕ್ಕಕ್ಕೆ ಕಾಶೀನಾಥ ತಂದ ಕೀಬೋರ್ಡನ್ನೂ ನಿಲ್ಲಿಸಿಯಾಗಿತ್ತು. ಅಡುಗೆಮನೆಯಲ್ಲಿ ಗುರುಲಿಂಗಯ್ಯನವರ ಹೆಂಡತಿ ಭಾಗಮ್ಮ ಕುಕ್ಕರ್ ಸೀಟಿ ಹೊಡೆಯಬಾರದೆಂದು ಒಲೆ ಆರಿಸಿ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದರು. ಇಸ್ತ್ರಿ ಮಾಡಿದ ಜುಬ್ಬಾದ ಕೊರಳು ಗುರುಲಿಂಗಯ್ಯನವರಿಗೆ ಚುಚ್ಚುತ್ತಿತ್ತು. ಟೇಪಿನ ಒಂದು ಮೂಲೆ ಎದ್ದು ನಿಂತಿದ್ದು ಕಂಡಿತು. ಅದನ್ನು ನೋಡಿ ಕಾಶೀನಾಥ ಮತ್ತೆ ಕ್ಯಾಮೆರಾ ನಿಲ್ಲಿಸಿಯಾನು, ಮತ್ತೆ ಮೊದಲಿನಿಂದ ಹಾಡಬೇಕಾದೀತು ಎಂದು, ತಾವೇ ಹೆಬ್ಬೆರಳಿನಿಂದ ಒತ್ತಿ ಕೂಡಿಸಿದರು. ಆಮೇಲೆ ವಚನ ಎತ್ತಿಕೊಂಡರು. ದನಿ ಒಳ್ಳೆಯದಾಗಿ ಬಂತು.

ಪಟ್ಟಿಯ ಮೇಲೆ ಇದ್ದದ್ದಾದರೂ ಏನು? ಮೇಲೆ ಕನ್ನಡದಲ್ಲಿ 'ಶಹಾಬುದ್ದೀನ, ಶಹಾಬಾದ', ಅದರ ಕೆಳಗೆ ಅದೇ ಮಾತು ಉರ್ದು ಅಕ್ಷರದಲ್ಲಿ. ಪೇಟಿ ಮಾಡಿ ಮುಗಿಸಿದ ದಿನ ಶಹಾಬುದ್ದೀನರೇ ಕೂತು ಕೊರೆದದ್ದು. ಅವರು ಈ ಪೇಟಿಗೆ ಕೂಲಿ ತೆಗೆದುಕೊಂಡಿರಲಿಲ್ಲ. "ನಿನ್ನ ದನಿ ಕೇಳಿದವ್ರು ನನ್ನ ಹೆಸರು ಓದ್ತಾರಲೇ ಗುರೂ, ಅಷ್ಟ ಸಾಕು" ಎಂದಿದ್ದರು. ಆಗ ಇಬ್ಬರ ತಲೆಯಲ್ಲೂ ಬಿಳಿ ಕೂದಲಿರಲಿಲ್ಲ.

ವಿಡಿಯೋ ಬಂತು. ಗುರುಲಿಂಗಯ್ಯ ಗುಮಾಸ್ತರಾಗಿದ್ದ ಕೋರ್ಟಿನಲ್ಲಿ ವಕೀಲರೆಲ್ಲ ಮೊಬೈಲ್ ಮುಂದೆ ಹಿಡಿದು ಹೊಗಳಿದರು. ಹೊಗಳಿಕೆ ಯಾರಿಗೆ ಕಹಿ? ಮನೆಗೆ ಬಂದು ಕನ್ನಡಕ ಹಾಕಿಕೊಂಡು ತಾವೂ ನೋಡಲು ಕೂತರು. ಎರಡನೇ ಸಲ ನೋಡುವಾಗ ಕೈ ತಡೆಯಿತು. ಅವರ ಪಕ್ಕದಲ್ಲಿದ್ದ ಕೀಬೋರ್ಡಿನ ಬೆನ್ನ ಮೇಲೆ ಜಪಾನಿನ ಹೆಸರು ಅಂಗಡಿ ಬೋರ್ಡಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಮುಚ್ಚಿದ್ದು ಪೇಟಿಯ ಪಟ್ಟಿಯೊಂದೇ.

ಕೂಡಲೇ ಅಳಿಯನಿಗೆ ಫೋನ್ ಹಚ್ಚಿದರು.

"ಅದಾ? ಅದು ಸೇಡಂನ ಅಂಗಡಿಯವ್ರು ಪುಕ್ಕಟೆ ಕೊಟ್ಟಿದ್ದು ಮಾವ. ನಮ್ಮ ಮಾಲಿನ ಹೆಸರೊಂದೇ ಕಾಣಬೇಕು, ಬ್ಯಾರೇದ್ದು ಕಾಣಬಾರ್ದು ಅಂತ ಕರಾರು."

"ಮೊನ್ನಿ ಪದ್ಧತಿ ಅಂದಿ, ಇವತ್ತು ಕರಾರು ಅಂತಿ?"

"ಎರಡೂ ಅದ ಮಾವ."

ಹೇಳಿಕೆ ಬದಲಿಸುವ ಸಾಕ್ಷಿಗಳನ್ನು ನೋಡಿ ನೋಡಿಯೇ ಗುರುಲಿಂಗಯ್ಯನವರ ಉದ್ಯೋಗ ಮುಗಿಯುತ್ತ ಬಂದಿತ್ತು. ಅವರು ಸುಮ್ಮನಿರುವ ಪೈಕಿಯಲ್ಲ. ಸೇಡಂನ ಅಂಗಡಿಯವನ ನಂಬರು ಹುಡುಕಿ ಕೇಳಿಯೇ ಬಿಟ್ಟರು. "ನಮ್ಮ ಕೀಬೋರ್ಡಿನ ಹೆಸರು ಕಾಣ್ಲಿ ಅಂದಿದ್ದು ಖರೇ ರೀ. ಪೇಟಿ ಸುದ್ದಿ ನಾ ಯಾಕ್ ಎತ್ಲಿ? ನಾವು ಪೇಟಿ ಮಾರೋದೇ ಇಲ್ಲ" ಎಂದ ಅವನು.

ಸಂಜೆ ಕಾಶೀನಾಥನನ್ನು ಮನೆಗೆ ಕರೆಸಿ ಎದುರಿಗೆ ಕೂಡಿಸಿದರು. ಎರಡು ಮಾತಿಗೇ ಹುಡುಗ ಸಿಡಿದ.

"ವಚನದ ವಿಡಿಯೋ ಮಾವ ಅದು. ಅದರಾಗ ಉರ್ದು ಅಕ್ಷರ ಕಂಡ್ರ ಕೆಳಗ ಮಂದಿ ಏನೇನ್ ಬರೀತಾರ ನಿಮಗೇನ್ ಗೊತ್ತದ? ನನಗೇನು ಶಹಾಬ್ ಕಾಕಾನ ಮ್ಯಾಲ ಹಗಿ ಅದ ಏನು? ನಿಮಗ ಬೈಸಬಾರ್ದಂತ ಮಾಡೀನಿ."

ಭಾಗಮ್ಮ ಅಕ್ಕಿ ಆರಿಸುವುದನ್ನು ಬಿಟ್ಟು ತಲೆ ಎತ್ತಿದರು. "ಇಷ್ಟು ದಿನ ಯಾರ್ ಬೈದಿದ್ರೋ? ಜಾತ್ರ್ಯಾಗ, ಮಠದಾಗ ಎಲ್ಲ ಕಡಿ ಅದೇ ಪೇಟಿ ಇತ್ತು."

"ಅಲ್ಲಿ ಮಂದಿ ನಿಮ್ಮ ಮುಖ ನೋಡ್ತಿದ್ರು ಅತ್ತಿ. ಇಲ್ಲಿ ಹಂಗಲ್ಲ."

ಗುರುಲಿಂಗಯ್ಯ ಬೈಯಬೇಕೆಂದೇ ಕರೆಸಿದ್ದರು. ಬೈಯದೆಯೇ ಕಳಿಸಿಕೊಟ್ಟರು. ಅಳಿಯ ಹೋದ ಮೇಲೆ ವಿಡಿಯೋದ ಕೆಳಗೆ ಮಂದಿ ಬರೆದದ್ದನ್ನೆಲ್ಲ ಕೆಳಗಿನವರೆಗೆ ಓದಿದರು. ಎಲ್ಲರೂ ಶರಣು, ಶರಣು ಎಂದೇ ಬರೆದಿದ್ದರು.

ಯಾವ ಹಾಡು ಬಂದರೂ ಮೊದಲ ಫೋನು ಶಹಾಬುದ್ದೀನರದೇ ಬರುವುದು ವಾಡಿಕೆ. ಈ ಸಲ ಬರಲಿಲ್ಲ. ಒಂದು ವಾರ ಕಾದರು. ನೋಡಿಲ್ಲವೋ, ನೋಡಿ ಸುಮ್ಮನಿದ್ದಾರೋ? ಅನುಮಾನದ ಹುಳ ಒಮ್ಮೆ ಹೊಕ್ಕರೆ ಮುಗಿಯಿತು, ಊಟ ರುಚಿಸದು. ಪೇಟಿಯ ಒಂದು ಸ್ವರ ಸಣ್ಣಗೆ ಕರಕರ ಎನ್ನುತ್ತಿತ್ತು. ಆ ನೆಪ ಸಾಕಾಯಿತು. ಭಾನುವಾರ ಪೇಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೊರಟರು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಒಳಗೊಳಗೇ ಹೇಳಿ ನೋಡಿಕೊಂಡರು. ಅಳಿಯನ ಮೂರು ಮಾತುಗಳಲ್ಲಿ ಅವರು ಆರಿಸಿಕೊಂಡದ್ದು ಮೊದಲನೆಯದನ್ನು. ಮೂರನೆಯದನ್ನು ಗೆಳೆಯನ ಮುಂದೆ ಯಾವ ಬಾಯಿಂದ ಹೇಳುವುದು?

"ಬರ್ರಿ ಅಯ್ನೋರೆ, ಕುಂದ್ರಿ," ಎಂದರು ಶಹಾಬುದ್ದೀನ.

ಇಷ್ಟು ವರ್ಷ 'ಬಾರಲೇ ಗುರೂ' ಎಂದ ಬಾಯಿ ಅದು. ಶಹಾಬುದ್ದೀನರ ಹೆಂಡತಿ ನಜಮುನ್ನೀಸಾ ಯಾವಾಗಲೂ ಬಾಗಿಲಿಗೆ ಬಂದು, "ಭಾಗಮ್ಮಕ್ಕ ಹ್ಯಾಂಗಿದ್ದಾರ?" ಎಂದು ಕೇಳುವವರು. ಇವತ್ತು ಪರದೆಯ ಹಿಂದಿನಿಂದ ಚಹಾದ ಕಪ್ಪು ಮಾತ್ರ ಬಂತು. ಚಹಾದಲ್ಲಿ ಸಕ್ಕರೆ ಕಡಿಮೆ ಇತ್ತು. ಅದೂ ಬೇಕಂತಲೇ ಇರಬೇಕು ಎನ್ನಿಸಿತು. ಪಾಪ, ಆಕೆಗೆ ಒಲೆಯ ಮೇಲೆ ಬೇರೆ ಏನೋ ಇದ್ದೀತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನಿಗೆ ಅದೆಲ್ಲ ಎಲ್ಲಿ ಹೊಳೆಯಬೇಕು?

ಶಹಾಬುದ್ದೀನ ಪೇಟಿಯ ಮುಂದಿನ ಹಲಗೆ ಬಿಚ್ಚಲು ಕೂತರು. ಪಟ್ಟಿಯನ್ನು ಹಲಗೆಗೂ ಚೌಕಟ್ಟಿಗೂ ಸೇರಿಸಿ ಬಿಗಿದಿದ್ದರಿಂದ ಮೊದಲು ಅದನ್ನೇ ತೆಗೆಯಬೇಕಿತ್ತು. ನಾಲ್ಕು ಸ್ಕ್ರೂ ತಿರುವಿ ಪಟ್ಟಿಯನ್ನು ಪಕ್ಕಕ್ಕಿಟ್ಟರು. ಅದರ ಅಂಚಿನಲ್ಲಿ ಟೇಪಿನ ಅಂಟು ಇನ್ನೂ ಕರ್ರಗೆ ಹಿಡಿದಿತ್ತು. ಅದನ್ನು ಒಮ್ಮೆ ನೋಡಿ, ಮತ್ತೆ ಹಲಗೆಗೆ ಕೈ ಹಾಕಿದರು.

ಗುರುಲಿಂಗಯ್ಯನವರೇ ತಡೆಯಲಾರದೆ ಹೇಳಿದರು. "ಶಹಾಬ್, ಆ ವಿಡಿಯೋ ನೋಡಿರಬೇಕಲ್ಲ ನೀನು. ಕಂಪನಿ ಹೆಸರು ತೋರಸಬಾರ್ದಂತೋ ಅದ್ರಾಗ. ಪದ್ಧತಿ ಅಂತ ಅದು."

"ಇರ್ತಾವ್ರಿ ಪದ್ಧತಿ." ಶಹಾಬುದ್ದೀನ ಪೇಟಿಯೊಳಗಿಂದ ದನಿ ಹೊರಡಿಸುವ ಒಂದು ಸ್ವರಪಟ್ಟಿ ತೆಗೆದು ಬೆಳಕಿಗೆ ಹಿಡಿದು ಊದಿದರು. "ಕೀಬೋರ್ಡಿಂದು ಕಾಣ್ತಿತ್ತಲ್ರಿ?"

"ಅದು ಅಂಗಡಿಯವಂದು... ಅದ್ರದ್ದು ಬ್ಯಾರೆ."

"ಹೌದ್ರಿ, ಬ್ಯಾರೇನ ಇರ್ತದ." ಸ್ವಲ್ಪ ಹೊತ್ತು ಉಗುರಿನಿಂದ ಸ್ವರಪಟ್ಟಿಯ ಧೂಳು ಕೆರೆದರು. "ಟೇಪ್ ಹಚ್ಚೂ ಮುಂದ ನೀವು ಅಲ್ಲಿದ್ರೇನ್ರಿ?"

ಸೀದಾ ಪ್ರಶ್ನೆ. ಹೌದು ಅಥವಾ ಇಲ್ಲ.

"ಇಲ್ಲೋ. ನಾ ಒಳಗ ಅಂಗಿ ಬದಲಿ ಮಾಡ್ಲಿಕತ್ತಿದ್ದೆ. ಹೊರಗ ಬರೂದ್ರಾಗ ಹಚ್ಚಿ ಮುಗಿಸಿದ್ದ."

ಶಹಾಬುದ್ದೀನ ಕೈ ಒರೆಸಿಕೊಂಡು ಎದ್ದರು. ಗೋಡೆಯ ಹಲಗೆಯ ಮೇಲಿದ್ದ ಮೊಬೈಲ್ ತಂದು ಏನನ್ನೋ ಹುಡುಕಿ, ಇಬ್ಬರ ನಡುವೆ ಪೇಟಿಯ ಮೇಲೆ ಇಟ್ಟರು. ಕಾಶೀನಾಥ ಹಾಡಿನ ಜೊತೆ ಚಿತ್ರೀಕರಣದ ತಯಾರಿಯ ಒಂದು ತುಣುಕನ್ನೂ ಹಾಕಿದ್ದನಂತೆ. ನೀಲಿ ಚಾದರ, ಇಸ್ತ್ರಿಯ ಜುಬ್ಬಾ, ಎದ್ದು ನಿಂತ ಟೇಪಿನ ಮೂಲೆ. ಗುರುಲಿಂಗಯ್ಯನವರ ಹೆಬ್ಬೆರಳು ಬಂದು ಅದನ್ನು ಒತ್ತಿತು. ತುಣುಕು ಮುಗಿದು ತಾನಾಗಿಯೇ ಮತ್ತೆ ಶುರುವಾಯಿತು.

"ಹುಡುಗ ಹಚ್ಚಿದ್ದಕ್ಕ ನನಗ ಸಿಟ್ಟಿಲ್ರಿ," ಎಂದರು ಶಹಾಬುದ್ದೀನ. "ಈಗಿನ ಹುಡುಗ್ರು, ಹೆದರ್ತಾವ. ನಿಮ್ಮ ಬಟ್ಟು ನೋಡಿ ನನಗ ಎರಡು ದಿನ ಅನ್ನ ಇಳೀಲಿಲ್ಲ. ಹೋಗ್ಲಿ, ಗುರು ಬರ್ತಾನ, ಖರೇ ಹೇಳ್ತಾನ, ಇಬ್ರೂ ಕೂಡಿ ಅವನಿಗಿಷ್ಟು ಬೈಯೂನು ಅಂತ ಕೂತಿದ್ದೆ."

"ಶಹಾಬ್..."

"ಕೆಲಸ ಮಾಡೂನ್ರಿ."

ಹೊರಗೆ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಹೇರಿಕೊಂಡ ಲಾರಿಯೊಂದು ಹೋಯಿತು. ಶಹಾಬುದ್ದೀನ ಕರಕರ ಎನ್ನುವ ಸ್ವರವೊಂದನ್ನೇ ಅಲ್ಲ, ಎಲ್ಲ ಸ್ವರಗಳನ್ನೂ ತೆಗೆದು, ಊದಿ, ಉಜ್ಜಿ ಕೂಡಿಸಿದರು. ಹಲಗೆ ಮುಚ್ಚಿದರು. ಪಟ್ಟಿಯನ್ನು ಎತ್ತಿಕೊಂಡು ಒಮ್ಮೆ ಒರೆಸಿ, ಪಕ್ಕದ ಮೇಜಿನ ಖಾನೆಯಲ್ಲಿಟ್ಟು ಖಾನೆ ಮುಚ್ಚಿದರು. ಪೇಟಿಯ ಹಣೆಯಲ್ಲಿ ನಾಲ್ಕು ತೂತು ಉಳಿದವು.

"ನೋಡ್ರಿ."

ಗುರುಲಿಂಗಯ್ಯ ಬೆರಳಿಟ್ಟರು. ಸ್ವರ ಎಷ್ಟು ಶುದ್ಧವಾಗಿ ಬಂತೆಂದರೆ ಅವರ ಕಣ್ಣು ತುಂಬಿತು. 'ಪಟ್ಟಿ ಹಚ್ಚೋ ಶಹಾಬ್' ಎನ್ನಬೇಕು, ಅಷ್ಟೇ. ಮಾತು ನಾಲಿಗೆಯ ಮೇಲೆಯೇ ಇತ್ತು. ಶಹಾಬುದ್ದೀನ ಬಟ್ಟೆಯಿಂದ ಕೈಯನ್ನು ಒಂದೊಂದೇ ಬೆರಳಾಗಿ ಒರೆಸಿಕೊಳ್ಳುತ್ತ ಕೂತಿದ್ದರು, ಏನೋ ಕಾಯುತ್ತಿರುವ ಹಾಗೆ. ಅಷ್ಟರಲ್ಲಿ ಗುರುಲಿಂಗಯ್ಯನವರಿಗೆ ಮುಂದಿನ ವಿಡಿಯೋ ನೆನಪಾಯಿತು. ಇನ್ನು ಟೇಪು ಬೇಡ, ಕಾಶೀನಾಥನ ಜೊತೆ ವಾದ ಬೇಡ, ಯಾರು ಏನು ಬರೆದಾರೋ ಎಂಬ ಅಂಜಿಕೆಯೂ ಬೇಡ. ಎದೆ ಹಗುರಾಯಿತು. ಥೂ, ಆಗಬಾರದಾಗಿತ್ತು! ಆದರೆ ಆಯಿತು, ಮತ್ತು ಅದು ತಮಗೆ ಗೊತ್ತಾಗಿಯೇ ಆಯಿತು.

"ಭಾಳ ಛಲೋ ಆಗ್ಯದ," ಎಂದರು.

"ಹೌದ್ರಿ," ಎಂದರು ಶಹಾಬುದ್ದೀನ. ಬಟ್ಟೆಯನ್ನು ಮೂಲೆಗೆ ಎಸೆದು ಎದ್ದರು. "ಹುಷಾರಾಗಿ ಹೋಗ್ರಿ."

ಗಡಿಬಿಡಿಯಲ್ಲಿ ಪೇಟಿಗೆ ಸುತ್ತಿ ತಂದ ಬಟ್ಟೆ ಅಲ್ಲಿಯೇ ಉಳಿಯಿತು. ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಪೇಟಿಯನ್ನು ಹಾಗೇ ಬರಿದಾಗಿ ಇಟ್ಟುಕೊಂಡು, ಊರಿಗೆ ಮರಳಲು ಸೇಡಂ ಕಡೆಯ ಗಾಡಿಗೆ ಕಾಯುತ್ತ ಗುರುಲಿಂಗಯ್ಯ ಕೂತರು. ಪಕ್ಕದಲ್ಲಿ ಗಂಟು ಇಟ್ಟುಕೊಂಡು ಕೂತಿದ್ದ ಮುದುಕಿ ಪೇಟಿಯನ್ನು ಆಸೆಯಿಂದ ನೋಡಿದಳು.

"ಚಂದ ಅದ ಪೇಟಿ. ನಮ್ಮವನೂ ಭಜನಿ ಹಾಡ್ತಿದ್ದ. ಯಾರ್ ಮಾಡ್ಯಾರಪ್ಪ ಇದನ್ನ?"

"ಶಹಾಬಾದದ ಶಹಾಬುದ್ದೀನ!" ಎಂದರು ಗುರುಲಿಂಗಯ್ಯ. ಚಹಾ ಮಾರುವವನು ತಿರುಗಿ ನೋಡುವಷ್ಟು ದೊಡ್ಡ ದನಿ. "ಅವನಂಥಾ ಕೈ ಈ ಸೀಮ್ಯಾಗ ಇಲ್ಲವ್ವ. ನನ್ನ ಗೆಳ್ಯಾ ಅವ, ಖಾಸ್ ಗೆಳ್ಯಾ."

"ಹೌದೇನು?" ಮುದುಕಿ ಬಗ್ಗಿ ಪೇಟಿಯ ಮುಂಭಾಗವನ್ನು ನೋಡಿದಳು. "ಮತ್ತ ಹೆಸರೇ ಹಾಕಿಲ್ಲಲ್ಲ ತಂದೆ?"

ಗುರುಲಿಂಗಯ್ಯ ಆ ನಾಲ್ಕು ತೂತುಗಳ ಮೇಲೆ ಅಂಗೈ ಇಟ್ಟರು. ಗಾಡಿ ಬರುವವರೆಗೂ ತೆಗೆಯಲಿಲ್ಲ.