ತೊಟ್ಟಿಯೊಳಗಿಂದ ಕಂಡ ಕೈ

ಹನ್ನೊಂದೂ ಹತ್ತು, ನಾನು, ಮನಃಶಾಸ್ತ್ರದ ಪ್ರೊಫೆಸರು, ಸಾಕ್ಷಿಯಾಗಿ ಕಟಕಟೆಯಲ್ಲಿ ನಿಂತಿದ್ದೇನೆ, ನ್ಯಾಯಾಧೀಶರ ತಲೆಯ ಮೇಲಿನ ಗಡಿಯಾರದ ಗಾಜಿನೊಳಗೆ ನೊಣವೊಂದು ಆರರ ಅಂಕಿಯ ಬಳಿ ಅಂಗಾತ ಸತ್ತುಬಿದ್ದಿದೆ, ಒಳಗೆ ಹೇಗೆ ಹೋಯಿತೋ, ಈ ಕೋಣೆಯಲ್ಲಿ ಸುಮ್ಮನಿರುವುದು ಅದೊಂದೇ — ಫ್ಯಾನು ಕಿರುಗುಟ್ಟುತ್ತಿದೆ, ಸಾಕ್ಷ್ಯ ಟೈಪು ಮಾಡುವ ಬೆರಳಚ್ಚಿನವನು ಗಂಟಲು ಸರಿಪಡಿಸಿಕೊಳ್ಳುತ್ತಿದ್ದಾನೆ, ಸ್ವಲ್ಪ ನಿಧಾನ ಮೇಡಂ, ಸ್ಮೃತಿ ಅಂದ್ರಲ್ಲ, ನೆನಪು ಅಂತ್ಲೇ ಹಾಕ್ಲಾ, ಹಾಕಪ್ಪ, ನಿನಗೆ ಯಾವುದು ಬರುತ್ತೋ ಅದನ್ನೇ ಹಾಕು, ಹಾಗೆ ಬಾಯಿಬಿಟ್ಟು ಅನ್ನುವುದಿಲ್ಲ, ತಲೆಯಾಡಿಸುತ್ತೇನೆ ಅಷ್ಟೇ, ಇಂಥವರ ಎದುರು ತಲೆಯಾಡಿಸಿಯೇ ನನ್ನ ಕುತ್ತಿಗೆ ಸವೆದಿದೆ. ಸ್ಟ್ಯಾಂಡಿನ ಮೇಲೆ ನನ್ನ ಚಿತ್ರ, ಮೂರು ಚೌಕ, ನಡುವೆ ಬಾಣ, ನಮ್ಮ ವಕೀಲೆ, ಆರೋಪಿಯ ಪರವಾಗಿ ನನ್ನನ್ನು ಕರೆಸಿದವಳು, ಅದನ್ನು ಮೂರು ಡಬ್ಬಿ ಅನ್ನುತ್ತಾಳೆ, ಮೇಡಂ ಡಬ್ಬಿ ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸಿದೀನಿ, ಜಡ್ಜ್ ಸಾಹೇಬ್ರಿಗೆ ಕಣ್ಣು ಸರಿಯಿಲ್ಲ. ಮೊದಲ ಡಬ್ಬಿಯಲ್ಲಿ ಕಣ್ಣು ಕಿವಿ ಹಿಡಿದದ್ದೆಲ್ಲ ಬರುತ್ತದೆ, ರೆಪ್ಪೆ ಬಡಿಯುವುದರೊಳಗೆ ಹೋಗುತ್ತದೆ, ಗಮನ ಕೊಟ್ಟದ್ದಷ್ಟೇ ಎರಡನೆಯದಕ್ಕೆ ದಾಟುತ್ತದೆ, ಅದು ಹಿಡಿಯಷ್ಟು ಜಾಗ, ಮೆಲುಕು ಹಾಕದಿದ್ದರೆ ಅರೆನಿಮಿಷಕ್ಕೆ ಖಾಲಿ, ಮೆಲುಕು ಹಾಕಿದ್ದರಲ್ಲಿ ಒಂದಿಷ್ಟು ಮೂರನೆಯದರಲ್ಲಿ ಕೂರುತ್ತದೆ — ಮಕ್ಕಳಿಗೆ ಹೇಳುವ ಪಾಠ, ಇದರಲ್ಲಿ ಅರ್ಧ ಈಗ ನಾವೇ ಒಪ್ಪುವುದಿಲ್ಲ, ಆದರೆ ಡಬ್ಬಿ ಅಂದರೆ ಇವರಿಗೆ ತಿಳಿಯುತ್ತದೆ, ಬಾಣ ಅಂದರೆ ತಿಳಿಯುತ್ತದೆ, ಆಮೇಲೆ ನಿಜ ಹೇಳಿದೆ, ಮೂರನೆಯದು ಗೋದಾಮಲ್ಲ ಸ್ವಾಮಿ, ಇಟ್ಟದ್ದು ಇಟ್ಟ ಹಾಗೆ ಸಿಗುವುದಿಲ್ಲ, ಪ್ರತಿ ಸಲ ನೆನೆದಾಗಲೂ ಹಳೆಯ ಬಟ್ಟೆ ಬಿಚ್ಚಿ ಮತ್ತೆ ಹೊಲಿದ ಹಾಗೆ, ಹೊಸ ದಾರ ಸೇರುತ್ತದೆ, ಯಾವುದು ಹಳೆಯದು ಯಾವುದು ಹೊಸದು ಹೊಲಿದವರಿಗೇ ಗೊತ್ತಾಗುವುದಿಲ್ಲ, ಅಂದೆ, ಎರಡನೇ ಬೆಂಚಿನಿಂದ ಹೊಲಿಗೆಯವಳು ತುಟಿ ಸೊಟ್ಟ ಮಾಡಿದಳು, ನಾನು ಹೊಲಿದಿದ್ದು ನಂಗೆ ಗೊತ್ತಾಗಲ್ವಾ, ಪಕ್ಕದವಳಿಗೆ ಅಂದದ್ದು ನನಗೇ ಕೇಳಿಸಿತು.

ಇವಳೊಬ್ಬಳ ಕಣ್ಣಿನ ಮೇಲೆ ನಿಂತಿದೆ ಇಡೀ ಮೊಕದ್ದಮೆ. ಮುಸ್ಸಂಜೆ, ಇವಳ ಹೊಲಿಗೆ ಅಂಗಡಿ, ರಸ್ತೆಯ ಆ ಕಡೆ ಅಪಾರ್ಟ್‌ಮೆಂಟಿನ ಗೇಟು, ಸ್ಕೂಟರ್ ಒಂದು ಮುದಿ ವಾಚ್‌ಮನ್ನನ್ನು ಉರುಳಿಸಿ ಹೋಯಿತು, ಅವನು ಮಾರನೆಯ ದಿನ ಸತ್ತ, ಸವಾರ ಹೆಲ್ಮೆಟ್ಟಿನ ಗಾಜು ಒಂದು ಗಳಿಗೆ ಎತ್ತಿ ನೋಡಿದ್ದನಂತೆ, ಇವಳು ಮಷೀನಿನ ಮೇಲಿಂದ ತಲೆಯೆತ್ತಿದಳಂತೆ, ಆ ಮುಖ ನಾನು ಸಾಯೋವರ್ಗೂ ಮರೆಯಲ್ಲ ಸಾರ್. ಮೂರು ದಿನ ಬಿಟ್ಟು ಪೇದೆ ತನ್ನ ಫೋನಿನಲ್ಲಿ ಒಂದು ಫೋಟೊ ತೋರಿಸಿದ, ಒಂದೇ ಒಂದು, ಇವನೇನಮ್ಮಾ ನೋಡಿ, ಮೂರು ವಾರಕ್ಕೆ ಗುರುತಿನ ಪರೇಡ್, ಸಾಲಿನಲ್ಲಿ ನಿಂತವರ ಪೈಕಿ ಅದೇ ಫೋಟೊದವನು, ಅದೇ ಕಟ್ಟಡದ ಲಿಫ್ಟ್ ರಿಪೇರಿಗೆ ಆಗಾಗ ಬರುತ್ತಿದ್ದ ಮೆಕ್ಯಾನಿಕ್ಕು, ಇವನೇ ಅಂದಳು, ಅನ್ನದೆ ಇನ್ನೇನು. ಫೋನಿನಲ್ಲಿ ಕಂಡ ಮುಖ ಹೆಲ್ಮೆಟ್ಟಿನೊಳಗೆ ಹೋಗಿ ಕೂತಿದೆ, ಮುಖ ನೆನಪಿದೆ, ಎಲ್ಲಿ ಕಂಡದ್ದು ಎನ್ನುವುದು ಅದಲುಬದಲಾಗಿದೆ, ಇದಕ್ಕೆ ನಮ್ಮಲ್ಲಿ ಮೂಲದ ಗೊಂದಲ ಎಂದು ಹೆಸರು, ಎರಡನೇ ವರ್ಷದ ಪಾಠ, ನನ್ನ ವಿದ್ಯಾರ್ಥಿಗಳಲ್ಲಿ ಅತಿ ದಡ್ಡನೂ ಬರೆದು ಪಾಸಾಗುವ ಪ್ರಶ್ನೆ. ಅವಳಿಗೆ ಸುಳ್ಳು ಹೇಳುವಷ್ಟು ಬುದ್ಧಿಯೂ ಇಲ್ಲ, ನಿಜವನ್ನೇ ಹೇಳುತ್ತಿದ್ದೇನೆ ಅಂದುಕೊಂಡಿದ್ದಾಳೆ, ಅದೇ ಅವಳ ಅಪಾಯ. ಮೂರನೇ ಬೆಂಚಿನಲ್ಲಿ ಲಿಫ್ಟಿನವನ ಹೆಂಡತಿ, ತೊಡೆಯ ಮೇಲೆ ಊಟದ ಡಬ್ಬಿ, ಇನ್ನೊಂದು ಡಬ್ಬಿ, ಬೆಳಿಗ್ಗೆ ವರಾಂಡದಲ್ಲಿ ನಮ್ಮ ವಕೀಲೆ ಅಂದಳಲ್ಲ, ಮೇಡಂ ಹೊಲಿಗೆಯವಳ ಮಾತು ಬಿಟ್ರೆ ಅವರ ಕೈಲಿ ಬೇರೇನೂ ಇಲ್ಲ, ನೀವು ಅದನ್ನ ಅಲ್ಲಾಡಿಸಿಬಿಟ್ರೆ ಅವನು ಮನೆಗೆ, ಇಲ್ದಿದ್ರೆ ಜೈಲಿಗೆ, ಅಷ್ಟೇ ಲೆಕ್ಕ. ಅಲ್ಲಾಡಿಸಿಯಾಯಿತು. ನ್ಯಾಯಾಧೀಶರು ಕನ್ನಡಕ ಏರಿಸಿಕೊಂಡು ಚಿತ್ರವನ್ನೇ ನೋಡುತ್ತಿದ್ದಾರೆ, ಬೀಳುವ ಗೋಡೆಗೆ ಇನ್ನು ಬೆರಳು ಸಾಕು.

ಆದರೆ ಬೆಳಿಗ್ಗೆ ಆ ಫೋನು ಯಾಕೆ ಬರಬೇಕಿತ್ತು, ಅಣ್ಣ, ಕನ್ನಡಕದ ಅಂಗಡಿ ಇಟ್ಟುಕೊಂಡು ಮೂರು ಹೊತ್ತೂ ಪೇಪರ್ ಓದುವವನು, ನಾನು ಇಲ್ಲಿಗೆ ಬರುವ ದಾರಿಯಲ್ಲಿ, ಸಿಗ್ನಲ್ಲಿನಲ್ಲಿ, ಲೇ ಪುಟ್ಟಿ, ನಿನ್ನೆ ಪೇಪರಲ್ಲಿ ನಿನ್ನ ಸಂದರ್ಶನ ನೋಡ್ದೆ, ಫೋಟೊ ಚೆನ್ನಾಗಿದೆ, ಗಲ್ಲ ಮಾತ್ರ ಥೇಟ್ ಅಮ್ಮಂದೇ, ಅದಿರ್ಲಿ, ಆ ತೊಟ್ಟಿ ಕಥೆ ಏನೇ ಅದು, ತೊಟ್ಟಿಗೆ ಬಿದ್ದಿದ್ದು ನಾನು ಕಣೇ. ನಿನಗೆ ತಲೆ ಕೆಟ್ಟಿದೆಯಾ ಅಣ್ಣ. ತಲೆ ನೆಟ್ಟಗಿದೆ, ಕಿವಿ ಕೆಟ್ಟಿದೆ, ಆವತ್ತಿಂದ. ನಗುತ್ತಾನೆ, ಸದಾ ನಗುತ್ತಾನೆ, ಬಿಟ್ಟಿ ಸಿಗುವುದು ಅದೊಂದೇ. ನನ್ನ ತೊಟ್ಟಿ, ನನ್ನ ಐದನೇ ವಯಸ್ಸು, ಹಿತ್ತಲಿನ ಸಿಮೆಂಟು ತೊಟ್ಟಿ, ಬೆನ್ನಿಗೆ ಪಾಚಿ, ಮೇಲೆ ದುಂಡನೆಯ ಬೆಳಕು, ಆ ಬೆಳಕನ್ನು ಸೀಳಿಕೊಂಡು ಇಳಿದು ಬರುವ ಅಮ್ಮನ ಕೈ, ಮಣಿಕಟ್ಟಿನಲ್ಲಿ ಸ್ಟೀಲಿನ ವಾಚು, ವಾಚಿನಲ್ಲಿ ನಾಲ್ಕೂ ಹತ್ತು — ಪ್ರತಿ ವರ್ಷ ಮೊದಲ ತರಗತಿಯಲ್ಲಿ ಇದನ್ನೇ ಹೇಳಿಕೊಂಡು ಬಂದಿದ್ದೇನೆ, ಭಯ ನೆನಪನ್ನು ಹೇಗೆ ಕಡೆದು ನಿಲ್ಲಿಸುತ್ತದೆ ನೋಡಿ, ಹುಡುಗಿಯರು ಉಸಿರು ಬಿಗಿಹಿಡಿಯುತ್ತಾರೆ, ಹಿಂದಿನ ಸಾಲಿನ ಪುಂಡರೂ ಸುಮ್ಮನಾಗುತ್ತಾರೆ. ಅಣ್ಣ ಬಿಡಲಿಲ್ಲ, ಅಮ್ಮ ಯಾವತ್ತೇ ವಾಚ್ ಕಟ್ಟಿದ್ಲು, ಅದು ಮಾವನ ಕೈ. ನಿನಗೆ ಮಂಗನಬಾವು ಬಂದಿತ್ತು, ನಂಗೆ ಅಂಟಬಾರ್ದು ಅಂತ ಚಿಕ್ಕಮ್ಮನ ಮನೇಲಿ ಬಿಟ್ಟಿದ್ರು, ನೀನು ಊರಲ್ಲೇ ಇರ್ಲಿಲ್ಲ. ನಾಲ್ಕೂ ಹತ್ತು ಅಂತೆ, ನಿಂಗಾಗ ಗಡಿಯಾರ ನೋಡೋಕೆ ಬರ್ತಿತ್ತೇನೇ, ನಾನೇ ಅಲ್ವಾ ಆಮೇಲೆ ಕಲಿಸಿದ್ದು, ನೀರು ಹೋಗಿ ಮಾವನ ವಾಚ್ ನಿಂತೋಯ್ತಲ್ಲ, ಷೋಕೇಸಲ್ಲಿ ಇಟ್ಕೊಂಡು ಬಂದೋರಿಗೆಲ್ಲ ತೋರಿಸ್ತಿದ್ರಲ್ಲ, ನೋಡಿ ಇವನನ್ನ ಎತ್ತಿದ್ದು ನಾಲ್ಕೂ ಹತ್ತಕ್ಕೆ ಅಂತ, ನೀನು ಅದರ ಪಕ್ಕದಲ್ಲೇ ಕೂತು ಬಿಸ್ಕತ್ತು ತಿಂತಿದ್ದೆ. ಹಸಿರು ಬಿತ್ತು, ಹಿಂದಿನ ಕಾರು ಹಾರ್ನ್ ಹೊಡೆಯಿತು, ಆಮೇಲೆ ಮಾತಾಡೋಣ ಅಣ್ಣ, ನನಗೆ ಕೋರ್ಟಿದೆ.

ಕಿವಿ. ಶಾಲೆಯುದ್ದಕ್ಕೂ ಅವನ ಎಡಗಿವಿಯಲ್ಲಿ ಹತ್ತಿ, ಹುಡುಗರೆಲ್ಲ ಹತ್ತಿ ಅಂತಲೇ ಕರೆಯುತ್ತಿದ್ದರು, ನಾನೂ ಕರೆದೆ, ಏ ಹತ್ತಿ ಅಮ್ಮ ಕರೀತಿದಾಳೆ, ಅದು ಯಾಕೆ ಬಂತು ಅಂತ ಒಂದು ದಿನವೂ ಕೇಳಲಿಲ್ಲ, ಗೊತ್ತಿದ್ದವರು ಯಾಕೆ ಕೇಳುತ್ತಾರೆ, ಗೊತ್ತಿತ್ತೇ ಹಾಗಾದರೆ — ಮೇಡಂ, ಇಲ್ಲಿ, ಸರ್ಕಾರಿ ವಕೀಲ ಎದ್ದಿದ್ದಾನೆ, ಪಾಟೀ ಸವಾಲು, ಕೋಟಿನ ತೋಳಿಗೆ ಸುಣ್ಣ ಮೆತ್ತಿಕೊಂಡ ಗುಂಡನೆಯ ಮನುಷ್ಯ, ಮನಸ್ಸು ಮೆದುಳು ಎರಡಕ್ಕೂ ವ್ಯತ್ಯಾಸ ತಿಳಿಯದವನು, ಮೇಡಂ ಈ ಡಬ್ಬಿಗಳು ತಲೆಯಲ್ಲಿ ಎಲ್ಲಿರ್ತವೆ, ಹಿಂದೋ ಮುಂದೋ, ಜನ ನಗುತ್ತಾರೆ, ಡಬ್ಬಿ ಇರುವುದಿಲ್ಲ, ಅದೊಂದು ಮಾದರಿ, ನಕಾಶೆಯಲ್ಲಿ ನದಿ ಇದ್ದರೆ ಕಾಗದ ಒದ್ದೆಯಾಗುತ್ತದೆಯೇ, ಅಂದೆ, ಈಗ ನನ್ನ ಕಡೆ ನಕ್ಕರು, ನಗಲಿ, ಯಾರ ಕಡೆಗಾದರೂ ನಗುವ ಜನ. ಅಂದ್ರೆ ಮೇಡಂ, ಖಚಿತವಾಗಿ ನೆನಪಿದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬಾರ್ದು. ಖಚಿತತೆ ಒಂದು ಭಾವನೆ, ಪುರಾವೆಯಲ್ಲ. ಆಹಾ, ಬರ್ಕೊಳಪ್ಪಾ ಅದನ್ನ, ಅಂತ ಬೆರಳಚ್ಚಿನವನ ಕಡೆ ತಿರುಗಿ ಚೀಲದಿಂದ ಪೇಪರ್ ತೆಗೆಯುತ್ತಾನೆ, ನಿನ್ನೆಯ ಪೇಪರು, ನನ್ನ ಗಲ್ಲ, ಅಮ್ಮನ ಗಲ್ಲ, ಎಣ್ಣೆಯ ಕಲೆಯೊಂದು ಹಣೆಯ ಮೇಲೆ, ತಿಂಡಿ ಕಟ್ಟಿಸಿಕೊಂಡಿದ್ದನೋ ಏನೋ, ಓದುತ್ತಾನೆ, ಶಾಲೆಯ ಹುಡುಗನ ಹಾಗೆ ಒಂದೊಂದೇ ಮಾತು ಒತ್ತಿ, ಐವತ್ತು ವರ್ಷ ಕಳೆದರೂ ಆ ತೊಟ್ಟಿಯ ನೆನಪಿನಲ್ಲಿ ಒಂದು ಗೆರೆಯೂ ಮಾಸಿಲ್ಲ, ವಾಚಿನ ಮುಳ್ಳುಗಳೂ ಕಾಣುತ್ತವೆ. ಇದು ನೀವು ಹೇಳಿದ್ದಾ. ಹೌದು. ನಿಮ್ದು ಐವತ್ತು ವರ್ಷದ್ದು ಮಾಸಿಲ್ಲ, ಈಯಮ್ಮಂದು ಪರೇಡ್ ಹೊತ್ತಿಗೆ ಮೂರೇ ವಾರದ್ದು, ಅದು ಮಾಸಿಹೋಯ್ತಾ, ಡಬ್ಬಿ ಬೇರೆ ಕಂಪನಿದಾ ಮೇಡಂ. ಈ ಸಲ ನ್ಯಾಯಾಧೀಶರೂ ಮುಗುಳ್ನಕ್ಕರು. ಹೇಳಿ ಮೇಡಂ, ನಿಮಗೆ ಆ ನೆನಪು ಖಚಿತವಾ, ಹೌದೋ ಅಲ್ವೋ.

ಪೆದ್ದ, ಎಂಥ ಪೆದ್ದ, ಹಗ್ಗವನ್ನು ತಾನೇ ತಂದು ನನ್ನ ಕೈಗಿಟ್ಟಿದ್ದಾನೆ, ಅಲ್ಲ ಅಂದರೆ ಮುಗಿಯಿತು, ಅಲ್ಲ ಸ್ವಾಮಿ, ಖಚಿತವಾಗಿತ್ತು, ಇವತ್ತು ಬೆಳಿಗ್ಗೆಯವರೆಗೆ, ಅದು ನನ್ನದಲ್ಲ, ನನ್ನ ಅಣ್ಣನದು, ಕೇಳಿ ಕೇಳಿ ನನ್ನದಾಯಿತು, ಈಕೆಗೆ ಫೋನಿನ ಫೋಟೊ ಆದ ಹಾಗೆ, ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪುಸ್ತಕದಲ್ಲೂ ಇಲ್ಲ, ನಮ್ಮ ವಕೀಲೆ ಕುರ್ಚಿಯಿಂದ ಎದ್ದೇಬಿಡುತ್ತಾಳೆ, ಆ ಊಟದ ಡಬ್ಬಿ ಮನೆಗೆ ಹೋಗುತ್ತದೆ, ಅವನು ಮನೆಗೆ ಹೋಗುತ್ತಾನೆ — ಬೆರಳಚ್ಚಿನವನು ತಲೆಯೆತ್ತಿದ್ದಾನೆ, ಮೇಡಂ ತಪ್ಪು ಹೇಳಿದ್ರು ಅಂತ ಹಾಕ್ಲಾ ಅನ್ನುತ್ತಾನೆ, ನಾಳೆ ಪೇಪರಿನಲ್ಲಿ ಬರುತ್ತದೆ, ನೆನಪಿನ ಪ್ರೊಫೆಸರಿಗೇ ನೆನಪಿಲ್ಲ, ಹಿಂದಿನ ಸಾಲಿನ ಪುಂಡರು, ಅಣ್ಣ ಅಂಗಡಿಯಲ್ಲಿ ಗಿರಾಕಿಗೆ ಓದಿ ಹೇಳುತ್ತಾನೆ, ಹತ್ತಿ, ನಗುತ್ತಾನೆ, ಮತ್ತು ಎರಡನೇ ಬೆಂಚಿನಿಂದ ಹೊಲಿಗೆಯವಳು ನನ್ನನ್ನೇ ನೋಡುತ್ತಿದ್ದಾಳೆ, ಬೆರಳಿನ ತುದಿಗಳಲ್ಲಿ ಸೂಜಿಯ ಗೀರು, ಅವಳ ಕಣ್ಣಿನಲ್ಲಿ ಸಿಟ್ಟಿಲ್ಲ, ಆಗಲೇ ಒಂಥರಾ ಸಲಿಗೆ, ಇವಳಿಗೂ ನನ್ನ ಹಾಗೇ ಅಂತ, ನನ್ನ ಹಾಗೇ, ಈಯಮ್ಮನ ಹಾಗೆ ನಾನು — ನೀರು ತಣ್ಣಗಿದೆ, ಬೆನ್ನಿಗೆ ಪಾಚಿ, ಮೇಲೆ ದುಂಡನೆಯ ಬೆಳಕು, ಕೈ ಇಳಿಯುತ್ತಿದೆ, ಸ್ಟೀಲಿನ ವಾಚು, ಈಗ ನೋಡುತ್ತೇನೆ, ಮಣಿಕಟ್ಟಿನ ಮೇಲೆ ದಟ್ಟ ಕೂದಲು, ಗಂಡಸಿನ ಕೈ, ಇಳಿಯುತ್ತಿದೆ, ನನ್ನನ್ನು ದಾಟಿ ಬೇರೆ ಯಾರ ಕಡೆಗೋ, ನಾಲ್ಕೂ ಹತ್ತು.

ಖಚಿತ, ಎಂದೆ.

ಸರ್ಕಾರಿ ವಕೀಲ ಪೇಪರ್ ಮಡಚಿ ಕೂತ. ಆ ತಿಂಗಳ ಕೊನೆಗೆ ನ್ಯಾಯಾಧೀಶರು, ಭಯದಲ್ಲಿ ಕಂಡದ್ದು ಮಾಸುವುದಿಲ್ಲ ಎನ್ನುವುದಕ್ಕೆ ನನ್ನ ಮಾತನ್ನೇ ಎತ್ತಿ ಹೇಳಿ, ಹೊಲಿಗೆಯವಳ ಸಾಕ್ಷ್ಯವನ್ನು ಒಪ್ಪಿದರು. ಲಿಫ್ಟ್ ಮೆಕ್ಯಾನಿಕ್‌ಗೆ ನಾಲ್ಕು ವರ್ಷ ಜೈಲಾಯಿತು.