ಜಾಸಿಂನ ಕೋಣೆ

ಇರಾಕಿ ಸೈನಿಕರು ಕುವೈತಿನ ಶುಐಬಾದ ಕಂಪನಿ ಕ್ವಾರ್ಟರ್ಸಿಗೆ ಬಂದು ಮನೆ ಖಾಲಿ ಮಾಡಿಸಿದ ದಿನ ರಾಜೀವಿಯ ಮಗಳು ನವ್ಯಶ್ರೀ ಟೈಫಾಯಿಡ್ ಜ್ವರದಲ್ಲಿ ಮಲಗಿದ್ದಳು. ಅಲ್ಲಿದ್ದ ಊರ ಕಡೆಯವರೆಲ್ಲ ಬಸ್ಸು ಹಿಡಿದು ಜೋರ್ಡಾನಿನ ಕಡೆ ಹೊರಟಿದ್ದರು. ಜ್ವರ ಇಳಿಯದೆ ಮಗುವನ್ನು ಮರುಭೂಮಿಯ ದಾರಿಗೆ ಹಾಕಬೇಡಿ ಎಂದು ಡಾಕ್ಟರು ಹೇಳಿದ್ದರು.

ರಾಜೀವಿ ಮತ್ತು ಗಂಡ ಯಶೋಧರ ಮಗುವನ್ನು ಹೊತ್ತುಕೊಂಡು ನಗರದ ಪಕ್ಕದ ಹವಲ್ಲಿಗೆ ಬಂದರು. ಅಲ್ಲಿನ ಶಾಲೆಯೊಂದರಲ್ಲಿ ಭಾರತೀಯರು ಸೇರಿ ಒಂದು ಸಮಿತಿ ಮಾಡಿದ್ದರು. ನೆಲೆಯಿಲ್ಲದವರಿಗೆ ಮನೆ ಹುಡುಕಿ, ಬಾಡಿಗೆಯ ಹೊಣೆಯನ್ನೂ ಸಮಿತಿಯೇ ಹೊರುತ್ತಿತ್ತು. ಸಮಿತಿಯಲ್ಲಿದ್ದ ಉಪ್ಪಿನಂಗಡಿ ಕಡೆಯ ಬಾವಾಕುಂಞಿ ಇವರನ್ನು ಕರೆದುಕೊಂಡು ಮನೆಮನೆ ತಿರುಗಿದರು.

"ಬಾಡಿಗೆ ಸಮಿತಿ ಕೊಡುತ್ತದೆ ಅಂತೀರಿ. ನಾಳೆ ಸಮಿತಿಯವರೇ ಬಸ್ಸು ಹತ್ತಿದರೆ?" ಎಂದು ಒಬ್ಬ ಮಾಲೀಕ ಕೇಳಿದ. ಇನ್ನೊಬ್ಬ ಮಗುವಿನ ಒಣಗಿದ ತುಟಿ ನೋಡಿ, ಅಂಟುರೋಗವೆಂದು ಬಾಗಿಲು ಹಾಕಿಕೊಂಡ. ಬಿಸಿಲಿಗೆ ಮಗು ವಾಂತಿ ಮಾಡಿಕೊಂಡಿತು.

ಕೊನೆಗೆ ಒಂದು ಗಲ್ಲಿಯಲ್ಲಿ ಉಮ್ ಜಾಸಿಂ ಎಂಬ ಕುವೈತಿ ವಿಧವೆ ಗೇಟು ತೆರೆದಳು. ಸೈನ್ಯದಲ್ಲಿದ್ದ ಅವಳ ಮಗ ಜಾಸಿಂನ ಸುದ್ದಿ ದಾಳಿಯ ದಿನದಿಂದಲೂ ಇರಲಿಲ್ಲ. ಅಂಗಳದ ಮೂಲೆಯಲ್ಲಿದ್ದ ಅವನ ಕೋಣೆ ತೋರಿಸಿ ಅವಳು ಅರಬಿಯಲ್ಲಿ ಏನೋ ಹೇಳಿದಳು.

"ಬಾಡಿಗೆ ಬೇಡವಂತೆ," ಎಂದರು ಬಾವಾಕುಂಞಿ. "ಆದರೆ ಜಾಸಿಂ ಬಂದ ದಿನ ನೀವು ಹೊರಡಬೇಕಂತೆ. ಆಗುದಾ ಯಶೋಧರಣ್ಣ?"

ಯಶೋಧರ ಬಾಯಿ ತೆರೆಯುವ ಮೊದಲೇ ರಾಜೀವಿ ತಲೆಯಾಡಿಸಿದಳು.

ಉಮ್ ಜಾಸಿಂ ದಿನಾಲೂ ಅನ್ನದ ತಿಳಿ ಕಾಯಿಸಿ ತರುತ್ತಿದ್ದಳು. ಮಗುವಿನ ಮೈ ಸುಡುವುದು ನಿಧಾನಕ್ಕೆ ಕಡಿಮೆಯಾಯಿತು. ಆದರೆ ಗೇಟು ಸದ್ದಾದಾಗಲೆಲ್ಲ ರಾಜೀವಿಯ ಎದೆ ಹಾರುತ್ತಿತ್ತು. ಬಂದದ್ದು ಜಾಸಿಂ ಆಗಿರದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದಳು. ಆಮೇಲೆ ಅದೇ ಮುದುಕಿ ತಿಳಿಯ ಬಟ್ಟಲು ಹಿಡಿದು ಬಂದರೆ ಮುಖ ಎತ್ತಿ ನೋಡಲಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಜಾಸಿಂ ಬಂದ. ಹೆಂಗಸರ ಕಪ್ಪು ಬಟ್ಟೆ ಹೊದ್ದಿದ್ದ, ತೊಡೆಗೆ ಗುಂಡು ತಗುಲಿತ್ತು. ತಾಯಿ ಅವನನ್ನು ತಬ್ಬಿಕೊಂಡು ಸದ್ದಿಲ್ಲದೆ ಅತ್ತಳು. ಆಮೇಲೆ ಇವರ ಕಡೆ ತಿರುಗಿ ಹರಕು ಹಿಂದಿಯಲ್ಲಿ ಹೇಳಿದಳು: "ಹೋಗಿ. ಇರಾಕಿಗಳು ಇವನನ್ನು ಹುಡುಕಿ ಬಂದರೆ ನಿಮ್ಮನ್ನೂ ಬಿಡುವುದಿಲ್ಲ."

"ಇನ್ನು ಎರಡೇ ದಿನ, ಅಮ್ಮಾ," ಯಶೋಧರ ಕೈಮುಗಿದ. "ಜ್ವರ ಪೂರ್ತಿ ಬಿಡಲಿ."

"ಬೇಡ," ಎಂದಳು ರಾಜೀವಿ. "ಅವನಿಗೆ ಮಲಗಲಿಕ್ಕೆ ಜಾಗ ಬೇಕು, ನೋಡಿ." ಮಗುವನ್ನು ಎತ್ತಿ ಗಂಡನ ಹೆಗಲಿಗೆ ಹಾಕಿ, ಹಾಸಿಗೆಯ ಹೊದಿಕೆ ಬದಲಿಸಿದಳು.

ಬಾವಾಕುಂಞಿಯ ಬಳಿ ಬೇರೆ ಮನೆ ಇರಲಿಲ್ಲ. "ಇನ್ನು ಬಸ್ಸೇ ಗತಿ, ತಂಗೀ," ಎಂದು ಅವರೇ ಸೀಟು ಹಿಡಿದುಕೊಟ್ಟರು.

ದಾರಿಯಲ್ಲಿ ಜ್ವರ ಮತ್ತೆ ಏರಿತು. ಜೋರ್ಡಾನಿನ ಡೇರೆಯಲ್ಲಿ, ನೀರಿನ ಸಾಲಿಗೂ ವಿಮಾನದ ಸಾಲಿಗೂ ನಡುವೆ, ಮಗು ಕಣ್ಣು ಬಿಡದೆ ಬಿದ್ದಿತ್ತು. ಸೆರಗು ಒದ್ದೆ ಮಾಡಿ ಹಣೆಗಿಡುತ್ತ, ಹಾಸಿಗೆ ಬಿಟ್ಟುಕೊಟ್ಟದ್ದು ತಪ್ಪಾಯಿತೇ ಎಂದು ರಾಜೀವಿ ಗಂಡನನ್ನು ಕೇಳಿದಳು. ಅವನು ಖಾಲಿ ಕ್ಯಾನು ಎತ್ತಿಕೊಂಡು ನೀರಿನ ಸಾಲಿಗೆ ಹೋದ.

ಬೊಂಬಾಯಿಯ ಆಸ್ಪತ್ರೆಯಲ್ಲಿ ನವ್ಯಶ್ರೀ ಬದುಕಿಕೊಂಡಳು. ಎಡಗಿವಿ ಮಾತ್ರ ಹೋಗಿತ್ತು. ಅದು ಗೊತ್ತಾದ ದಿನ ರಾಜೀವಿ ಮಂಚದ ಬಲಮಗ್ಗುಲಿಗೆ ಬಂದು ಕೂತು ಮಗಳನ್ನು ಮೆಲ್ಲಗೆ ಕರೆದಳು.